ತೊಳೆದು ಮೂರು ದಿನ

ನನ್ನ ಕೆಲಸ ಏನೆಂಬುದು ನಮ್ಮಪ್ಪನಿಗೆ ಏಳು ವರ್ಷ ಅರ್ಥವಾಗಿರಲಿಲ್ಲ. ಮಗಳು ಪುಣೆಯಲ್ಲಿ ಬರೆಯುತ್ತಾಳೆ ಎಂಬುದಷ್ಟೇ ಗೊತ್ತಿತ್ತು. ಏನು ಬರೆಯುತ್ತಾಳೆ ಎಂದು ಯಾರಾದರೂ ಕೇಳಿದರೆ ಕೆಮ್ಮಿ ಮಾತು ಬದಲಿಸುತ್ತಿದ್ದ. ಕಥೆಯಲ್ಲ, ಪೇಪರಿನ ಸುದ್ದಿಯೂ ಅಲ್ಲ. ಪಂಪು ಕೊಂಡವನು ಅದನ್ನು ಹೇಗೆ ಜೋಡಿಸಬೇಕು, ಯಾವ ನಟ್ಟು ಮೊದಲು ಬಿಗಿಯಬೇಕು, ಎಲ್ಲಿ ಕೈ ಹಾಕಬಾರದು, ಇದನ್ನೆಲ್ಲ ಬರೆಯುವವಳು ನಾನು. ಟೆಕ್ನಿಕಲ್ ರೈಟರ್.

"ಅಂದ್ರ ಪೆಟ್ಟಿಗಿ ತಳದಾಗ ಇರ್ತೈತೆಲ್ಲ, ಆ ಪುಸ್ತಕಾ?" ಎಂದು ಒಮ್ಮೆ ಕೇಳಿದ್ದ. ಹೌದು ಎಂದೆ. "ಅದನ್ನ ಯಾರ ಓದ್ತಾರವಾ?" ಎಂದಿದ್ದ.

ಈ ವರ್ಷ ಸಂಕ್ರಾಂತಿ ಮುಗಿದ ವಾರ ಪುಣೆಯ ಕಂಪನಿ ನಮ್ಮ ಹನ್ನೊಂದು ಜನರ ತಂಡದಲ್ಲಿ ಒಂಬತ್ತು ಮಂದಿಯನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿತು. ಇನ್ನು ಮುಂದೆ ಸಾಫ್ಟ್‌ವೇರೇ ಬರೆಯುತ್ತದಂತೆ, ಉಳಿದ ಇಬ್ಬರು ಅದರ ಮೇಲೆ ಕಣ್ಣಾಡಿಸುತ್ತಾರಂತೆ. ಹಾಗೆಂದು ಹೇಳಿದವನಿಗೆ ಉಜ್ವಲಾ ಎಂಬ ನನ್ನ ಹೆಸರನ್ನು ಸರಿಯಾಗಿ ಕರೆಯಲೂ ಬರಲಿಲ್ಲ. ನಾನು ಅಳಲಿಲ್ಲ. ನನಗೆ ಸಿಟ್ಟು ಬಂದರೆ ಅಳು ಹತ್ತಿರ ಸುಳಿಯುವುದಿಲ್ಲ, ಮತ್ತು ಆ ಸಿಟ್ಟು ತಿಂಗಳುಗಟ್ಟಲೆ ಇಳಿಯಲಿಲ್ಲ. ಬೇಸಿಗೆಯವರೆಗೆ ಪುಣೆಯಲ್ಲೇ ಹುಡುಕಿದೆ. ಆಮೇಲೆ ಲ್ಯಾಪ್‌ಟಾಪು ಮತ್ತು ಎರಡು ಚೀಲ ಹೊತ್ತುಕೊಂಡು ಏಕಸಂಬಿಗೆ ಬಂದೆ.

ನಮ್ಮದು ಕುರಿ ಕಾಯುವವರ ಮನೆ. ಅಪ್ಪ ಜಕ್ಕಪ್ಪ, ಅವ್ವ ಭೀಮಾಬಾಯಿ, ಎಪ್ಪತ್ತು ಕುರಿ. ಮೊಬೈಲಿಗೆ ಸರಿಯಾಗಿ ಸಿಗ್ನಲ್ ಸಿಗುವ ಜಾಗವೆಂದರೆ ಕುರಿದೊಡ್ಡಿಯ ಮೂಲೆ. ಅಲ್ಲಿ ಮೇವಿನ ಹೊರೆಯ ಮೇಲೆ ಕುಳಿತು ನೂರ ಅರವತ್ತಮೂರು ಅರ್ಜಿ ಹಾಕಿದೆ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಂದು ಕಂಪನಿ ಪರೀಕ್ಷೆಗೆಂದು ಇಪ್ಪತ್ತು ಪುಟ ಬರೆಸಿಕೊಂಡು ಆಮೇಲೆ ಫೋನು ಎತ್ತಲಿಲ್ಲ. ಎರಡು ತಿಂಗಳಾದ ಮೇಲೆ ಆ ಇಪ್ಪತ್ತೂ ಪುಟ ಅವರ ವೆಬ್‌ಸೈಟಿನಲ್ಲಿ ಕಾಣಿಸಿದವು, ಒಂದು ಅಲ್ಪವಿರಾಮವೂ ಬದಲಾಗದೆ. ಇನ್ನೊಂದು ಕಡೆ ನನ್ನನ್ನು ಸಂದರ್ಶನ ಮಾಡಿದ್ದು ಮನುಷ್ಯರಲ್ಲ, ಒಂದು ಪರದೆ. ನಿಮ್ಮ ದೌರ್ಬಲ್ಯ ಏನು ಎಂದು ಅದು ಕೇಳಿದ ಹೊತ್ತಿಗೆ ಸರಿಯಾಗಿ ಹಿಂದಿನಿಂದ ನಮ್ಮ ಟಗರು ಕೂಗಿತು. ನಾನು ಬಾಯಿ ತೆರೆಯುವ ಮೊದಲೇ, ಧನ್ಯವಾದ, ನಿಮ್ಮ ಉತ್ತರ ದಾಖಲಾಗಿದೆ ಎಂದಿತು.

ಮಗಳು ರಜೆಯ ಮೇಲೆ ಬಂದಿದ್ದಾಳೆ ಎಂದು ಅವ್ವ ಊರಿಗೆಲ್ಲ ಹೇಳಿಟ್ಟಿದ್ದಳು. ನಾಲ್ಕು ತಿಂಗಳಾದ ಮೇಲೆ ಪಕ್ಕದ ಮನೆಯ ಕೆಂಚವ್ವ ಕಾಕು ಗೋಡೆಯ ಆಚೆಯಿಂದಲೇ ಕೇಳಿದಳು: "ಭೀಮಾಬಾಯಿ, ಭಾಳ ಚಲೋ ಕಂಪನಿ ಐತಿ ನೋಡ, ಇಷ್ಟ ರಜಾ ಕೊಡತೈತಿ. ನಮ್ಮ ಹುಡುಗನ್ನೂ ಅಲ್ಲೇ ಹಚ್ಚಬೇಕಂತ ಮಾಡೇನಿ." ಅವ್ವ ನಕ್ಕಳು, ಒಳಗೆ ಬಂದು ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ನನಗೆ ನಾಚಿಕೆಯಾಯಿತು, ನನ್ನ ಸಲುವಾಗಿ ಅಲ್ಲ, ಅವಳು ನನಗಾಗಿ ಸುಳ್ಳು ಹೇಳಬೇಕಾಯಿತಲ್ಲ ಎಂದು.

ಸೆಪ್ಟೆಂಬರಿನಲ್ಲಿ ಅಪ್ಪನ ಗೆಳೆಯ ನಾಮದೇವ ಕಾಕಾ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟ. ಒಳಗೆ ಕುರಿಯ ಉಣ್ಣೆ ಕತ್ತರಿಸುವ ಬ್ಯಾಟರಿ ಮಷೀನು ಇತ್ತು. ಎರಡು ಕುರಿ ಮುಗಿಯುವಷ್ಟರಲ್ಲಿ ನಿಂತುಹೋಯಿತಂತೆ. "ನೀ ಕಲತಾಕಿ. ಪುಸ್ತಕದಾಗ ಏನ ಐತಿ ಓದಿ ಹೇಳು," ಎಂದ.

ನಾನು ಓದಿದೆ. "ಸಾಧನವನ್ನು ಕಾರ್ಯಾಚರಣೆಗೊಳಪಡಿಸುವ ಪೂರ್ವದಲ್ಲಿ ಪ್ರಾಣಿಯನ್ನು ಸೂಕ್ತ ಭಂಗಿಯಲ್ಲಿ ಸ್ಥಿರೀಕರಿಸತಕ್ಕದ್ದು."

"ಇದೇನ ಕೋರ್ಟಿನ ನೋಟೀಸೇನವಾ?" ಎಂದ ನಾಮದೇವ ಕಾಕಾ, ನಿಜಕ್ಕೂ ಗಾಬರಿಯಾಗಿ.

ಹದಿನೆಂಟು ಪುಟವೂ ಹೀಗೆಯೇ ಇತ್ತು. ಯಾವುದೋ ದೇಶದ ಪುಸ್ತಕವನ್ನು ಯಾವುದೋ ಯಂತ್ರದ ಬಾಯಿಗೆ ಹಾಕಿ ಕನ್ನಡ ಎಂದು ಉಗುಳಿಸಿದ್ದರು. ಕೊನೆಯ ಪುಟದಲ್ಲಿ ತಯಾರಕರ ವಿಳಾಸವಿತ್ತು. ನಿಪ್ಪಾಣಿ. ಒಂದೂವರೆ ತಾಸಿನ ದಾರಿ. ಮರುದಿನ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹೋದೆ, ಯಾರೂ ಕರೆದಿರಲಿಲ್ಲ.

ಕಾರಖಾನೆ ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು, ಹದಿನಾಲ್ಕು ಜನ ಕೆಲಸಗಾರರು. ಮಾಲೀಕರು ಜಿನೇಂದ್ರ, ಐವತ್ತರ ಆಸುಪಾಸಿನವರು, ಬಿಳಿ ಅಂಗಿಯ ತೋಳಿಗೆ ಗ್ರೀಸು ಹತ್ತಿಸಿಕೊಂಡು ತಾವೇ ಮೋಟಾರು ಜೋಡಿಸುತ್ತಿದ್ದರು. ಕುರ್ಚಿ ಕೊಟ್ಟು, ನನ್ನ ಅರ್ಜಿಯ ಕಾಗದ ನೋಡಿ ವಾಪಸು ಕೊಟ್ಟರು.

"ಜಾಗಾ ಇಲ್ಲ ತಂಗಿ. ಇದ್ದ ಮಂದಿನ್ನ ಇಟಗೊಳ್ಳೂದ ತ್ರಾಸ ಆಗೈತಿ."

"ನಾ ಜಾಗಾ ಕೇಳಾಕ ಬಂದಿಲ್ರಿ. ನಿಮ್ಮ ಪುಸ್ತಕ ಚಲೋ ಇಲ್ಲ, ಅದನ್ನ ಹೇಳಾಕ ಬಂದೇನಿ," ಎಂದೆ. ಶುದ್ಧ ಸುಳ್ಳು, ಜಾಗ ಕೇಳಲೆಂದೇ ಹೋಗಿದ್ದೆ. ಆದರೆ ನೂರ ಅರವತ್ತನಾಲ್ಕನೆಯ ಬಾರಿ ಇಲ್ಲ ಎನಿಸಿಕೊಂಡು ತಲೆ ತಗ್ಗಿಸುವುದು ನನ್ನಿಂದ ಆಗಲಿಲ್ಲ.

ಜಿನೇಂದ್ರ ಎದ್ದು ಒಂದು ಕಪಾಟು ತೋರಿಸಿದರು. ವಾಪಸು ಬಂದ ಮಷೀನುಗಳು, ಮೂವತ್ತನಾಲ್ಕು. ಒಂದನ್ನು ಬಿಚ್ಚಿದರು. ಬಾಚಣಿಗೆಯಂಥ ಹಲ್ಲುಗಳ ಸಂದಿಯಲ್ಲಿ ಉಣ್ಣೆ ಗಂಟುಗಟ್ಟಿ ಕಲ್ಲಾಗಿತ್ತು. "ಪುಸ್ತಕ ಯಾರ ಓದ್ತಾರ್ರಿ? ಎಣ್ಣಿ ಹಾಕ್ರಿ, ಎಣ್ಣಿ ಹಾಕ್ರಿ ಅಂತ ಫೋನಿನ್ಯಾಗ ಒದರಿ ಒದರಿ ನನ್ನ ಗಂಟಲ ಹೋತು. ಆ ಮಂದಿಗೆ ತಿಳಿಯೂದಿಲ್ಲ."

"ಆ ಮಂದಿ ಮಗಳು ನಾನು," ಎಂದೆ.

ಅವರ ಮುಖ ಕೆಂಪಾಯಿತು. ಕೈಯಲ್ಲಿದ್ದ ಮಷೀನು ಬದಿಗಿಟ್ಟು ಚಹಾ ತರಿಸಿದರು. ಒಳ್ಳೆಯ ಮನುಷ್ಯ. ತಪ್ಪು ಮಾತಾಡಿದೆ ಎಂದು ತಿಳಿದ ಮೇಲೆ ಇನ್ನಷ್ಟು ಮಾತಾಡಿ ಅದನ್ನು ಮುಚ್ಚಲು ಹೋಗಲಿಲ್ಲ.

ಚಹಾ ಮುಗಿಯುವಷ್ಟರಲ್ಲಿ ಒಪ್ಪಂದವಾಯಿತು. ಹತ್ತು ದಿನ ಬಿಟ್ಟು ದಸರೆಯ ಹೊಸ ಮಾಲು ಹೊರಡುವುದಿತ್ತು. ಅಷ್ಟರಲ್ಲಿ ನಾನು ಬರೆದ ಪುಸ್ತಕ ಕೆಲಸ ಮಾಡಿದರೆ ಅದನ್ನೇ ಛಾಪಿಸುವುದು, ನನಗೆ ಕೆಲಸ ಕೊಡುವುದು. ಮಾಡದಿದ್ದರೆ ಪೆಟ್ಟಿಗೆಯಲ್ಲಿ ಹಳೆಯದೇ ಹೋಗುವುದು, ನಾನು ನನ್ನ ದಾರಿ ಹಿಡಿಯುವುದು.

"ಕೆಲಸ ಮಾಡತೈತೋ ಇಲ್ಲೋ ಅಂತ ನೋಡೂದು ಹೆಂಗ?" ಎಂದು ಕೇಳಿದರು.

"ನೀವ ಒಬ್ಬ ಕುರಬರಂವನ್ನ ಆರಸ್ರಿ. ಅಂವಾ ಪುಸ್ತಕ ನೋಡಿ ತಾನ ಮಷೀನ ನಡಸಬೇಕು. ನಾ ಅಲ್ಲೇ ಇರ್ತೀನಿ, ಆದ್ರ ಒಂದ ಮಾತೂ ಆಡೂದಿಲ್ಲ. ನಿಮ್ಮ ಒಂದೊಂದ ಪೆಟ್ಟಿಗ್ಯಾಗೂ ನಾ ಕೂತ ಹೋಗಾಕ ಆಗ್ತೈತೇನ್ರಿ? ನಾ ಬಾಯಿ ಬಿಟ್ಟೆ ಅಂದ್ರ ನಾ ಸೋತಂಗ."

ನಮ್ಮ ಕಸುಬಿನಲ್ಲಿ ಇದು ಹಳೆಯ ಪದ್ಧತಿ. ಬರೆದವಳು ಬಾಯಿ ಮುಚ್ಚಿಕೊಂಡು ಕುಳಿತು ನೋಡಬೇಕು. ಆದರೆ ಜಿನೇಂದ್ರ ಅದನ್ನು ಪಂದ್ಯವೆಂದೇ ತಿಳಿದರು, ಕಣ್ಣು ಹೊಳೆದವು. "ಕುಡಚಿ ಬೀರದೇವ," ಎಂದರು. "ಮಷೀನ ತಂದು ನನ್ನ ಟೇಬಲ್ ಮ್ಯಾಲ ಒಗದು, ಇಡೀ ಶೆಡ್ಡಿಗೆ ಕೇಳೂವಂಗ ಬೈದು ಹೋಗ್ಯಾನ. ಅಂವಾ ಒಪ್ಪಿದಾ ಅಂದ್ರ ನಾ ಒಪ್ಪಿದಂಗ."

ನಾಲ್ಕು ದಿನದಲ್ಲಿ ಹದಿನೆಂಟು ಪುಟವನ್ನು ಆರು ಪುಟಕ್ಕೆ ಇಳಿಸಿದೆ. 'ಕತ್ತರಿಸುವ ಘಟಕ'ವನ್ನು ಹಣಿಗೆ ಎಂದೆ, ಏಕೆಂದರೆ ನೋಡಲು ಅದು ಹಣಿಗೆಯಂತೆಯೇ ಇದೆ ಮತ್ತು ನಮ್ಮ ಮನೆಗಳಲ್ಲಿ ತಲೆ ಬಾಚುವುದು ಅದರಿಂದಲೇ. ಎಣ್ಣೆ ಎಲ್ಲಿ, ಎಷ್ಟು ಹನಿ ಎಂದು ಚಿತ್ರ ಬರೆದೆ. ಓದಿಕೊಂಡೆ. ನನಗೇ ಹೆಮ್ಮೆಯಾಯಿತು. ಎಂಟು ತಿಂಗಳಾದ ಮೇಲೆ ನನ್ನ ಕೈ ನನ್ನ ಕೆಲಸ ಮಾಡಿತ್ತು.

ಐದನೆಯ ದಿನ ಬೆಳಿಗ್ಗೆ ಅಪ್ಪನ ಜೊತೆ ಕುರಿಗಳನ್ನು ದೂಧಗಂಗಾ ನದಿಗೆ ಹೊಡೆದುಕೊಂಡು ಹೋದೆ. ಮಧ್ಯಾಹ್ನ, ಜಿನೇಂದ್ರ ಕೊಟ್ಟ ಮಷೀನಿನ ಮೇಲೆ, ಪುಸ್ತಕದ ಮೊದಲ ಪರೀಕ್ಷೆ ಮನೆಯಲ್ಲೇ ಎಂದು ಹೇಳಿದ್ದೆ. ಅಪ್ಪ ಒಂದು ಕುರಿ ಹಿಡಿದು ಕುಳಿತ. ನಾನು ಪುಸ್ತಕ ಅವನ ಮುಂದೆ ಹಿಡಿದೆ. ಅಪ್ಪ ನನ್ನನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿದ. ಎಡಗೈ ಕುರಿಯ ಗದ್ದದ ಕೆಳಗೆ, ಮೊಣಕಾಲು ಅದರ ಪಕ್ಕೆಗೆ, ಬಲಗೈಯಲ್ಲಿ ಮಷೀನು.

"ಹಾಳಿ ತಿರವಾಕ ಮೂರನೇ ಕೈ ಎಲ್ಲಿಂದ ತರ್ಲಿ?" ಎಂದ.

ಕುರಿ ಹಿಡಿದವನು ಪುಸ್ತಕ ಓದುವುದಿಲ್ಲ, ಅವನಿಗೆ ಯಾರಾದರೂ ಓದಿ ಹೇಳಬೇಕು. ಕುರಿದೊಡ್ಡಿಯ ಮೂಲೆಯಲ್ಲೇ ಬೆಳೆದ ನನಗೆ ಇದು ಹೊಳೆದಿರಲಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ನಾಲ್ಕನೆಯ ಇಯತ್ತೆ ಕಲಿತವಳು, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾಳೆ. ನನ್ನ ಚೆಂದದ ವಾಕ್ಯಗಳ ಕೊನೆ ಅವಳಿಗೆ ಸಿಗುವಷ್ಟರಲ್ಲಿ ಅಪ್ಪನಿಗೆ ಮೊದಲು ಮರೆತುಹೋಗುತ್ತಿತ್ತು. ಆದರೂ ಇಬ್ಬರೂ ಬಿಡಲಿಲ್ಲ. ಎಣ್ಣೆ ಎರಡು ಹನಿ. ಹಣಿಗೆ ಬಿಗಿ. ಗುಂಡಿ ಒತ್ತು. ಹೊಟ್ಟೆಯ ಕಡೆಯಿಂದ ಶುರು. ಮಷೀನು ಝುಂಯ್ ಎಂದು ಚೆನ್ನಾಗಿಯೇ ಓಡಿತು. ಅಂಗೈ ಅಗಲದಷ್ಟು ಉಣ್ಣೆ ಇಳಿಯಿತು, ಇನ್ನೊಂದಿಷ್ಟು ಇಳಿಯಿತು, ಆಮೇಲೆ ಮಷೀನು ನರಳಿ ನಿಂತಿತು. ಸುಟ್ಟ ವಾಸನೆ ಬಂತು.

ಅಪ್ಪನಿಗೆ ಸಿಟ್ಟು ಬಂತು. ನನ್ನ ಸಿಟ್ಟು ನನಗೆ ಬಂದಿದ್ದು ಅವನಿಂದಲೇ. "ಆಕಿ ಓದಿದ್ದು ಓದಿದಂಗ ಮಾಡೇನಿ. ನಲವತ್ತ ವರ್ಷ ಕತ್ತರಿ ಹಿಡದೇನಿ, ಒಂದ ಕುರೀಗೆ ಗಾಯ ಮಾಡಿಲ್ಲ. ನಾ ಏನ ತಪ್ಪ ಮಾಡ್ಯೇನಿ ತೋರ್ಸು."

ತಪ್ಪು ಏನೂ ಇರಲಿಲ್ಲ. ಹಣಿಗೆ ಬಿಚ್ಚಿದೆ. ಜಿನೇಂದ್ರ ತೋರಿಸಿದ್ದ ಅದೇ ಗಂಟು, ಆದರೆ ಇದು ಇನ್ನೂ ಕಲ್ಲಾಗಿರಲಿಲ್ಲ, ಮೆತ್ತಗಿತ್ತು. ಕೈಗೆ ತಣ್ಣಗೆ ಹತ್ತಿತು. ಕುರಿಯ ಬೆನ್ನಿನ ಉಣ್ಣೆಯೊಳಗೆ ಬೆರಳು ತೂರಿಸಿದೆ. ಮೇಲೆ ಬಿಸಿಲಿಗೆ ಒಣಗಿ ಬೆಳ್ಳಗಾಗಿತ್ತು, ಒಳಗೆ ಬುಡದಲ್ಲಿ ಒದ್ದೆ.

ಬೆಳಿಗ್ಗೆ ನದಿಯಲ್ಲಿ ತೊಳೆದಿದ್ದೆವು. ನಮ್ಮವರು ಉಣ್ಣೆ ಕತ್ತರಿಸುವ ದಿನ ಕುರಿಗೆ ಸ್ನಾನ ಮಾಡಿಸಿಯೇ ಕೂರುತ್ತಾರೆ. ಮಣ್ಣು, ಮುಳ್ಳು ಹೋಗುತ್ತದೆ, ಕತ್ತರಿಯ ಬಾಯಿ ಮೊಂಡಾಗುವುದಿಲ್ಲ, ಒಳಗೆ ಕೊಂಚ ತೇವ ಉಳಿದರೂ ಕತ್ತರಿಗೆ ಏನೂ ಆಗುವುದಿಲ್ಲ. ಆದರೆ ಮಷೀನಿನ ಹಣಿಗೆಗೆ ಒದ್ದೆ ಉಣ್ಣೆ ಸಿಕ್ಕರೆ ಅದು ಅರೆದು ಅರೆದು ಕಂಬಳಿ ಮಾಡಿಬಿಡುತ್ತದೆ. ಎಣ್ಣೆ ಎಷ್ಟು ಹಾಕಿದರೇನು? ಆ ಪರದೇಶದ ಪುಸ್ತಕದಲ್ಲಿ ಇದು ಇರಲಿಲ್ಲ, ಅಲ್ಲಿ ಯಾರೂ ಹಾಗೆ ತೊಳೆಯುವುದಿಲ್ಲವೇನೋ. ಜಿನೇಂದ್ರರಿಗೆ ಗೊತ್ತಿರಲಿಲ್ಲ, ಅವರು ಕುರಿ ಹಿಡಿದವರಲ್ಲ. ನಾನು? ನಾನು ಅದೇ ಬೆಳಿಗ್ಗೆ ಕೈಯಲ್ಲಿ ಕೋಲು ಹಿಡಿದು ಎಪ್ಪತ್ತು ಕುರಿಗಳನ್ನೂ ನೀರಿಗಿಳಿಸಿ ಬಂದವಳು. ದಿನಾ ಮುಖ ತೊಳೆಯುವುದನ್ನು ಯಾರಾದರೂ ಬರೆದಿಡುತ್ತಾರೆಯೇ? ಹಾಗೆ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. 'ಆ ಮಂದಿಯ ಮಗಳು' ಎಂದು ನಿಪ್ಪಾಣಿಯಲ್ಲಿ ಎದೆ ಉಬ್ಬಿಸಿ ಬಂದಿದ್ದೆನಲ್ಲ, ಅದು ನೆನಪಾಗಿ ಮೈ ಮುದುಡಿತು.

"ಕುರಿ ತೊಳೀದನ ಕತ್ತರಸಬೇಕು ಅಂತ ಬರೀತೀನಿ," ಎಂದೆ.

"ಬರಿ ಬರಿ. ಓದಿದಂವಾ ನಗತಾನ," ಎಂದ ಅಪ್ಪ. "ನಮ್ಮ ಮುತ್ಯಾ ತೊಳದಾನ, ಅವರಪ್ಪ ತೊಳದಾನ. ತೊಳೀಬ್ಯಾಡ ಅನ್ನಾಕ ಮಷೀನ ಯಾವೂರದು?"

"ಮತ್ತ ಹೆಂಗ ಬರೀಲಿ? ನೀನ ಹೇಳು."

ಅಪ್ಪ ಕುರಿಯ ಬೆನ್ನು ಸವರುತ್ತ ಯೋಚಿಸಿದ. ನನ್ನ ಕೆಲಸದ ಬಗ್ಗೆ ಅವನು ಯೋಚಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ತೊಳದು ಮೂರ ದಿನ ಬಿಡು ಅಂತ ಬರಿ. ತೊಳದಾಗ ಮೈಯಾಗಿನ ಜಿಡ್ಡೂ ಹೋಗತೈತಿ. ಮೂರ ದಿನಕ್ಕ ಜಿಡ್ಡು ಮತ್ತ ಏರತೈತಿ, ಉಣ್ಣಿ ಮೆತ್ತಗಾಗತೈತಿ. ಅದ ಜಿಡ್ಡ ನಿನ್ನ ಹಣಿಗೀಗೆ ಎಣ್ಣಿ."

ಅಂದು ಸಂಜೆಯೇ ಎಲ್ಲವನ್ನೂ ಹೊಸದಾಗಿ ಬರೆದೆ. ಒಂದು ವಾಕ್ಯಕ್ಕೆ ಒಂದೇ ಕೆಲಸ. ಅವ್ವ ಒಂದೇ ಉಸಿರಿಗೆ ಓದಿ ಮುಗಿಸುವಷ್ಟು ಉದ್ದ, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಅವಳು ಎಡವಿದ ಶಬ್ದವನ್ನೆಲ್ಲ ಕಿತ್ತುಹಾಕಿದೆ. ಎದುರು ಪುಟದಲ್ಲಿ ಅದನ್ನೇ ಮರಾಠಿಯಲ್ಲೂ ಬರೆದೆ, ನಮ್ಮ ಕಡೆ ಅರ್ಧ ಜನ ಕಲಿತಿದ್ದು ಆ ಶಾಲೆಗಳಲ್ಲೇ. ಮೂರು ದಿನದ ಮಾತನ್ನು ಎಲ್ಲಕ್ಕಿಂತ ಮುಂದೆ, ದಪ್ಪ ಅಕ್ಷರದಲ್ಲಿ ಇಟ್ಟೆ. ಒಂಬತ್ತನೆಯ ದಿನ ಅಪ್ಪ, ಗಂಟು ಕಿತ್ತು ಎಣ್ಣೆ ಹಾಕಿದ ಆ ಮಷೀನಿನಿಂದಲೇ ಮೂರು ಕುರಿ ಮುಗಿಸಿದ. ಹಣಿಗೆ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ.

ಹತ್ತನೆಯ ದಿನ ಜಿನೇಂದ್ರ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಾರಿಗೆ ಹತ್ತಿಸಿಕೊಂಡರು. ಪುಸ್ತಕ ಕೈಗೆ ಕೊಟ್ಟೆ. ತೆರೆಯದೆ ಪೆಟ್ಟಿಗೆಯೊಳಗೆ ಹಾಕಿದರು. "ನಾ ಓದಿ ಏನ ಮಾಡ್ಲಿ, ಓದಾಂವ ಬೀರದೇವ," ಎಂದರು. ರಾಯಬಾಗ ದಾಟುವವರೆಗೂ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆವು. ನಾಳೆ ಮುಂಜಾನೆ ಮಾಲು ಹೊರಡುತ್ತದೆ ಎಂದು ಅವರು ಎರಡು ಸಲ ನೆನಪಿಸಿದರು.

ಕುಡಚಿಯ ಹೊರಗೆ, ಕೃಷ್ಣೆಯ ದಂಡೆಯ ಖಾಲಿ ಹೊಲದಲ್ಲಿ ಬೀರದೇವನ ಕುರಿಗಳಿದ್ದವು. ಬೀರದೇವ ಅಪ್ಪನಿಗಿಂತ ಐದಾರು ವರ್ಷ ಹಿರಿಯ. ನಮಸ್ಕಾರಕ್ಕೆ ತಲೆಯಾಡಿಸಿದ, ನಗಲಿಲ್ಲ. ಅವನ ಸೊಸೆ ಸೋನಾಲಿ ಕಾಲೇಜು ಮೆಟ್ಟಿಲು ಹತ್ತಿದವಳು, ಓದುವ ಕೆಲಸ ಅವಳದು. ಜಿನೇಂದ್ರ ಪೆಟ್ಟಿಗೆ ಕೆಳಗಿಟ್ಟು ಪಂದ್ಯದ ನಿಯಮ ಹೇಳಿದರು. ನಾನು ಬದಿಗೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತು ಬಾಯಿ ಮುಚ್ಚಿದೆ.

ಸೋನಾಲಿ ಸೆರಗು ಸರಿಮಾಡಿಕೊಂಡು ಪುಸ್ತಕ ಬಿಡಿಸಿದಳು. ಜೋರಾಗಿ ಓದಿದಳು:

"ಮಷೀನು ಕೈಗೆ ತೆಗೆದುಕೊಳ್ಳುವ ಮೊದಲು ಇದನ್ನು ಓದಿ. ಇವತ್ತು ಕುರಿ ತೊಳೆದಿದ್ದೀರಾ? ಹಾಗಾದರೆ ಇವತ್ತು ಮಷೀನು ಬೇಡ. ತೊಳೆದು ಮೂರು ದಿನ ಬಿಡಿ. ಮೇಲೆ ಒಣಗಿದರೂ ಬುಡದಲ್ಲಿ ಒದ್ದೆ ಇರುತ್ತದೆ. ಬೆರಳು ಹಾಕಿ ನೋಡಿ. ಮೂರು ದಿನಕ್ಕೆ ಮೈಯ ಜಿಡ್ಡು ಮತ್ತೆ ಏರುತ್ತದೆ. ಆ ಜಿಡ್ಡೇ ಹಣಿಗೆಗೆ ಎಣ್ಣೆ."

ಬೀರದೇವ ಹಿಡಿದಿದ್ದ ಕುರಿಯ ಬೆನ್ನಿಗೆ ಬೆರಳು ತೂರಿಸಿದ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಆಮೇಲೆ ಕುರಿಯನ್ನು ಬಿಟ್ಟ. ಅದು ಮೈ ಕೊಡವಿ ಹಿಂಡಿನೊಳಗೆ ಓಡಿತು.

"ಇವತ್ತ ಆಗೂದಿಲ್ರಿ ಸಾವಕಾರ್ರ," ಎಂದ.

"ಯಾಕ?"

"ನೀವು ಬರಾವ್ರು ಅಂತ ಮುಂಜಾನೆ ಎಲ್ಲಾ ಕುರಿ ತೊಳದು ನಿಲ್ಲಿಸೇನಿ. ಇವತ್ತ ಬ್ಯಾಡ ಅಂತ ಐತಿ ಇದರಾಗ."

ಇದನ್ನು ನಾನೇಕೆ ಮೊದಲೇ ಎಣಿಸಲಿಲ್ಲ? ದೊಡ್ಡವರು ನೋಡಲು ಬರುತ್ತಾರೆಂದರೆ ಯಾವ ಕುರಿಯವನು ತೊಳೆಯದೆ ಬಿಟ್ಟಾನು? ಒಂದೂ ಕುರಿ ಒಣಗಿಲ್ಲ, ನಾಳೆ ಮಾಲು ಹೊರಡುತ್ತದೆ, ಮಷೀನಿನ ಗುಂಡಿಯನ್ನೇ ಯಾರೂ ಒತ್ತಿಲ್ಲ. ಹತ್ತು ದಿನದ ಕೆಲಸ, ಎಂಟು ತಿಂಗಳ ದಾರಿ, ಎಲ್ಲ ಈ ಹೊಲದಲ್ಲಿ ಮುಗಿಯಿತು ಎನಿಸಿತು. ಎದ್ದು ನಿಂತು ವಿವರಿಸಬೇಕೆಂದು ನಾಲಿಗೆ ತುರಿಸಿತು. ಆದರೆ ಬಾಯಿ ಬಿಟ್ಟರೆ ಸೋತಂತೆ ಎಂದವಳು ನಾನೇ.

ಜಿನೇಂದ್ರ ಗಡಿಯಾರ ನೋಡಿಕೊಂಡರು. "ಬೀರದೇವ, ಮ್ಯಾಲ ಪೂರಾ ಒಣಗ್ಯಾವಲ್ಲೋ. ಇಷ್ಟ ದೂರ ಬಂದೇನಿ. ಒಂದ ಕುರಿ ಹಚ್ಚಿ ತೋರ್ಸು, ಸಾಕು."

"ಒಳಗ ಹಸಿ ಐತ್ರಿ."

"ನನ್ನ ಮಷೀನ, ನಾನ ಹಚ್ಚು ಅನ್ನಾಕತ್ತೇನಿ."

"ಮಷೀನ ನಿಮ್ದ ಇರ್ಲಿ. ಪುಸ್ತಕದಾಗ ಬ್ಯಾಡ ಅಂತ ಬರದೈತಿ. ಬೆರಳ ಹಾಕಿ ನೋಡು ಅಂತು, ನೋಡಿದೆ. ಖರೇ ಐತಿ. ನೀವು ಹೇಳಿದ್ರಿ ಅಂತ ಹಚ್ಚಿ ಕೆಡಿಸಿ ಮತ್ತ ನಿಪ್ಪಾಣಿಗೆ ಹೊತಗೊಂಡ ಬರ್ಲೇನು?" ಬೀರದೇವ ಮಷೀನನ್ನು ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಿದ. "ಮೂರ ದಿನ ಬಿಟ್ಟ ಬರ್ರಿ."

ಜಿನೇಂದ್ರ ನನ್ನ ಕಡೆ ತಿರುಗಿದರು. "ನೀವಾರ ಹೇಳ್ರಿ ಇಂವಗ!"

ನಾನು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದೆ. ಆಗ ನನಗೆ ತಿಳಿಯಿತು. ಈ ಮನುಷ್ಯ ಮಾಲೀಕನ ಎದುರು ನಿಂತು, ಮಾಲೀಕನ ಮಾತನ್ನು ತಳ್ಳಿ, ನನ್ನ ಆರು ಪುಟದ ಮಾತು ಕೇಳುತ್ತಿದ್ದಾನೆ. ನಾನು ಯಾರೆಂದು ಅವನಿಗೆ ಗೊತ್ತೂ ಇಲ್ಲ. ಪುಣೆಯಲ್ಲಿ ಏಳು ವರ್ಷ ಬರೆದ ಸಾವಿರಾರು ಪುಟಗಳಲ್ಲಿ ಒಂದನ್ನಾದರೂ ಯಾರಾದರೂ ಹೀಗೆ ನಂಬಿದ್ದನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನಾನು ಹೆಮ್ಮೆಯಿಂದಲೇ ಸುಮ್ಮನೆ ಕುಳಿತೆ.

"ಮತ್ತ ಒಂದ ಮಾತು ಸಾವಕಾರ್ರ," ಎಂದ ಬೀರದೇವ, ಈಗ ದನಿ ತಗ್ಗಿಸಿ. "ಹೋದ ಸಲಾನೂ ನಾ ತೊಳದ ದಿನಾನ ಹಚ್ಚಿದ್ದೆ. ಮಷೀನ ಕೆಟ್ಟದ್ದಂತ ನಿಮಗ ಬಾಯಿಗೆ ಬಂದಂಗ ಬೈದೆ. ಅವಾಗ ಇದನ್ನ ಯಾಕ ಬರೀಲಿಲ್ಲ ನೀವು?"

ಜಿನೇಂದ್ರ ಸೋನಾಲಿಯ ಕೈಯಿಂದ ಪುಸ್ತಕ ತೆಗೆದುಕೊಂಡು ಬಿಸಿಲಲ್ಲಿ ನಿಂತೇ ಓದತೊಡಗಿದರು. ಮೊದಲ ಪುಟ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಒಂದು ಕುರಿಯನ್ನು ಹತ್ತಿರ ಎಳೆದು, ಬಿಳಿ ಅಂಗಿಯ ತೋಳು ಮೇಲೇರಿಸಿ, ತಾವೂ ಬೆರಳು ಹಾಕಿ ನೋಡಿದರು.

"ಮೂವತ್ತನಾಲ್ಕು ಮಷೀನ," ಎಂದರು ತಮ್ಮಷ್ಟಕ್ಕೇ. "ನಾ ಎಣ್ಣಿ ಹಾಕ್ರಿ ಎಣ್ಣಿ ಹಾಕ್ರಿ ಅಂತ ಒದರಕೋತ ಕುಂತಿದ್ದೆ."

"ಯಾರ ಬರದಾರ್ರಿ ಇದನ್ನ?" ಎಂದು ಬೀರದೇವ ಕೇಳಿದ. ಜಿನೇಂದ್ರ ನನ್ನತ್ತ ಕೈ ತೋರಿಸಿದರು. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಯಾರ ಮಗಳವಾ ನೀ?"

ನಾನು ಜಿನೇಂದ್ರರ ಮುಖ ನೋಡಿದೆ. ಅವರಿಗೆ ನಗು ಬಂತು. "ಮಾತಾಡ್ರಿ ಇನ್ನ. ಗೆದ್ದೀರಿ."

"ಏಕಸಂಬಿ ಜಕ್ಕಪ್ಪನ ಮಗಳ್ರಿ," ಎಂದೆ. ಅಷ್ಟು ಹೊತ್ತು ಮುಚ್ಚಿಟ್ಟ ದನಿ ಒಡೆದು ಬಂತು.

"ಹಂಗಂದ್ರ ಬರೋಬರಿ ಐತಿ," ಎಂದ ಬೀರದೇವ, ಮತ್ತು ಸೊಸೆಗೆ ಚಹಾ ಇಡಲು ಹೇಳಿದ.

ಮಷೀನು, ಪುಸ್ತಕ ಎರಡನ್ನೂ ಬೀರದೇವನ ಹತ್ತಿರವೇ ಬಿಟ್ಟು ಬಂದೆವು. ಮರುದಿನ ಮಾಲು ಹೊರಡಲಿಲ್ಲ. ಹೊಸ ಪುಸ್ತಕ ಛಾಪಿಸಲು ಮೂರು ದಿನ ಬೇಕಾಯಿತು. ಆ ಮೂರನೆಯ ದಿನವೇ ಸೋನಾಲಿ ಫೋನಿಗೆ ವಿಡಿಯೋ ಕಳಿಸಿದಳು. ಬೀರದೇವ ಹನ್ನೊಂದನೆಯ ಕುರಿ ಮುಗಿಸುತ್ತಿದ್ದ, ಹಿಂದಿನಿಂದ ಅವಳು ಓದುವ ದನಿ ಕೇಳುತ್ತಿತ್ತು. ಅದನ್ನು ನೋಡುತ್ತಲೇ ಜಿನೇಂದ್ರ ನನಗೆ ಕೆಲಸದ ಪತ್ರ ಕೊಟ್ಟರು. ಹುದ್ದೆ: ಆಫೀಸ್ ಅಸಿಸ್ಟಂಟ್. ನಾನು ಓದಿ ವಾಪಸು ಅವರ ಟೇಬಲ್ಲಿನ ಮೇಲಿಟ್ಟೆ.

"ಇದರಾಗ ತಪ್ಪೈತ್ರಿ," ಎಂದೆ.

"ಹೆಸರಿನ್ಯಾಗ ಏನೈತಿ ತಂಗಿ, ಕೆಲಸ ಅದ ಅಲ್ಲಾ?"

"ಏಳ ವರ್ಷ ಟೆಕ್ನಿಕಲ್ ರೈಟರ್ ಅನ್ನೂ ಹೆಸರ ಮ್ಯಾಲ ಕೆಲಸ ಮಾಡೇನ್ರಿ. ಎಂಟ ತಿಂಗಳ ಅದ ಹೆಸರಿಗೆ ಅರ್ಜಿ ಹಾಕೇನಿ. ಅದನ್ನ ಬರೀರಿ."

ಅವರು ಹೊಸ ಕಾಗದ ತೆಗೆದುಕೊಂಡು ನಾನು ಹೇಳಿದ ಹಾಗೆ ಬರೆಸಿದರು. ಸಂಬಳ ಪುಣೆಯಷ್ಟಿಲ್ಲ. ಆದರೆ ಕಬ್ಬು ಕಡಿಯುವ ಸಣ್ಣ ಮಷೀನೊಂದು ಬರುವುದಿದೆ, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವುದೊಂದಿದೆ, ಅಥಣಿ, ಕಾಗವಾಡದ ಹೊಲಗಳಿಗೆ ಹೋಗಿ ಮೊದಲು ಅಲ್ಲಿಯವರ ಕೈ ನೋಡಿ ಬರೆಯಬೇಕು ಎಂದು ನಾನೇ ಪತ್ರದಲ್ಲಿ ಸೇರಿಸಿದೆ.

ಕೆಲಸಕ್ಕೆ ಹೋಗುವ ಮೊದಲ ದಿನ ಅವ್ವ ಗೋಡೆಯ ಹತ್ತಿರ ನಿಂತು, "ಕೆಂಚವ್ವಾ, ನಮ್ಮಾಕಿ ರಜಾ ಮುಗೀತ ನೋಡ," ಎಂದು ಕೂಗಿ ಹೇಳಿದಳು. ಅಪ್ಪ ಬಸ್ಸಿನವರೆಗೆ ಕಳಿಸಲು ಬಂದ. ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯಲ್ಲಿ ಅವನ ವಯಸ್ಸಿನವರು ನಾಲ್ಕು ಮಂದಿ ಕುಳಿತಿದ್ದರು. ಮಗಳು ಎಲ್ಲಿಗೆ, ಏನು ಕೆಲಸ ಎಂದು ಒಬ್ಬ ಕೇಳಿದ. ನಾನು ಅಪ್ಪನ ಕೆಮ್ಮಿಗೆ ಕಾದೆ. ಕೆಮ್ಮು ಬರಲಿಲ್ಲ.

"ಮಷೀನ ಪೆಟ್ಟಿಗ್ಯಾಗ ಪುಸ್ತಕ ಇರ್ತೈತೆಲ್ಲ, ಅದನ್ನ ಬರೀತಾಳ," ಎಂದ ಅಪ್ಪ.

"ಅದನ್ನ ಯಾರ ಓದ್ತಾರೋ ಜಕ್ಕಪ್ಪಾ?"

"ಕುಡಚಿ ಬೀರದೇವ ಓದಿಸ್ಕೊಂಡಾನ. ಸಾವಕಾರ ಎದುರ ನಿಂತು ಮಷೀನ ಹಚ್ಚು ಅಂದ್ರೂ ಹಚ್ಚಲಿಲ್ಲಂವ. ನನ್ನ ಮಗಳ ಬ್ಯಾಡ ಅಂತ ಬರದಿದ್ಳು." ಬಸ್ಸು ಬಂತು. ಅಪ್ಪ ನನ್ನ ಚೀಲ ಎತ್ತಿ ಕೊಟ್ಟ, ಆಮೇಲೆ ಮತ್ತೆ ಅವರ ಕಡೆ ತಿರುಗಿ, ನನಗೂ ಕೇಳಲೆಂದು ಸ್ವಲ್ಪ ಜೋರಾಗಿಯೇ ಹೇಳಿದ: "ಅದರಾಗ ಮೂರ ದಿನದ ಮಾತ ನಂದೈತಿ."